ಸಮುದಾಯ ರೇಡಿಯೋ ಸ್ಟುಡಿಯೋದಲ್ಲಿ ನೇರ ಜನಪದ ಹಾಡು: ಪದೇ ಪದೇ ಕೇಳುವ ಪ್ರಶ್ನೆಗಳು

ಮೈಸೂರು, ಚಾಮರಾಜನಗರ ಸೀಮೆಯ ಒಂದು ಪುಟ್ಟ ಸಮುದಾಯ ರೇಡಿಯೋದಲ್ಲಿ ವಾರಕ್ಕೊಂದು ಸಂಜೆ ನೇರ ಹಾಡಿನ ಕಾರ್ಯಕ್ರಮ ನೋಡಿಕೊಳ್ಳುತ್ತೇನೆ. ಮಂಟೇಸ್ವಾಮಿಯ ಕಥೆ ಹಾಡುವ ನೀಲಗಾರರು, ಕಂಚಿನ ತಾಳ ಬಡಿಯುತ್ತಾ ಮಾದೇಶ್ವರನ ಕಥೆ ಹಾಡುವ ಕಂಸಾಳೆಯವರು, ತತ್ವಪದದವರು, ಮದುವೆ ಮನೆಯ ಸೋಬಾನೆ ಹೇಳುವ ಅವ್ವಂದಿರು ಬಂದು ಹಾಡುತ್ತಾರೆ. ಕೇಳುಗರು, ಕಲಾವಿದರ ಮನೆಯವರು, ಬೇರೆ ನಿಲಯದ ಗೆಳೆಯರು ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳನ್ನು ಇಲ್ಲಿ ಒಟ್ಟಿಗೆ ಇಟ್ಟಿದ್ದೇನೆ.

ನೇರ ಅಂದರೆ ನಿಜವಾಗಲೂ ನೇರವಾ? ಮೊದಲೇ ರೆಕಾರ್ಡ್ ಮಾಡಿ ಹಾಕಲ್ವಾ?

ನಿಜವಾಗಲೂ ನೇರ. ಕಲಾವಿದರು ಸ್ಟುಡಿಯೋದಲ್ಲಿ ಬಾಯಿ ತೆರೆದ ಹೊತ್ತಿಗೇ ನಿಮ್ಮ ಮನೆಯಲ್ಲಿ ಕೇಳುತ್ತದೆ. ಜೊತೆಗೆ ರೆಕಾರ್ಡಿಂಗೂ ನಡೆಯುತ್ತಿರುತ್ತದೆ. ಪ್ರಸಾರವಾದ ಎಲ್ಲವನ್ನೂ ಮೂರು ತಿಂಗಳು ಕಾಪಾಡಿ ಇಡಬೇಕು ಅನ್ನುವುದು ಸಮುದಾಯ ರೇಡಿಯೋಗೆ ಸರ್ಕಾರ ಹಾಕಿರುವ ನಿಯಮ.

ಇಂಟರ್‌ನೆಟ್‌ನಲ್ಲಿ ಬೇಕಾದಷ್ಟು ಜನಪದ ಗೀತೆ ಸಿಗುತ್ತವೆ. ಅವನ್ನೇ ಹಾಕಬಹುದಲ್ವಾ?

ಈ ಪ್ರಶ್ನೆ ಕೇಳಿದವರಿಗೆ ನಾನು ಮೊದಲು ಒಂದು ಸಂಜೆ ಕೇಳಿ ನೋಡಿ ಅನ್ನುತ್ತೇನೆ. ಕ್ಯಾಸೆಟ್ಟಿನಲ್ಲಿ, ಮೊಬೈಲಿನಲ್ಲಿ ಸಿಗುವ ಜನಪದ ಗೀತೆಗೆ ಸಾಮಾನ್ಯವಾಗಿ ಕೀಬೋರ್ಡ್ ಇರುತ್ತದೆ, ರಿದಂ ಪ್ಯಾಡ್ ಇರುತ್ತದೆ. ನಾಲ್ಕೈದು ನಿಮಿಷಕ್ಕೆ ಮುಗಿಯುತ್ತದೆ. ನಮ್ಮೂರಿನಲ್ಲಿ ಹಾಡುವವರ ಹಾಡು ಹಾಗಿಲ್ಲ. ಅದಕ್ಕೆ ನಡುವೆ ಮಾತಿದೆ, ಕೆಮ್ಮಿದೆ, ನಗು ಇದೆ. ಒಬ್ಬರು ಮರೆತ ಸಾಲನ್ನು ಪಕ್ಕದವರು ಎತ್ತಿಕೊಡುತ್ತಾರೆ. ಕೇಳುವವರ ಊರಿನ ಹೆಸರು ಪದದೊಳಗೆ ಬಂದು ಸೇರುತ್ತದೆ.

ಇನ್ನೊಂದು ಕಾರಣವೂ ಇದೆ. ಸಮುದಾಯ ರೇಡಿಯೋದ ಕಾರ್ಯಕ್ರಮಗಳಲ್ಲಿ ಕನಿಷ್ಠ ಅರ್ಧದಷ್ಟು ಆ ಜಾಗದ ಜನರೇ ಸೇರಿ ಮಾಡಿದ್ದಾಗಿರಬೇಕು. ಆದಷ್ಟೂ ಅವರ ಭಾಷೆಯಲ್ಲಿ, ಅವರ ಆಡುನುಡಿಯಲ್ಲಿ ಇರಬೇಕು. ಎಲ್ಲೋ ಮಾಡಿದ ಹಾಡನ್ನು ಹಾಕಿ ಕೂರುವುದಕ್ಕೆ ಈ ರೇಡಿಯೋ ಬೇಕಾಗಿರಲಿಲ್ಲ.

ಆಕಾಶವಾಣಿಯಲ್ಲೂ ಜನಪದ ಬರುತ್ತದಲ್ಲ, ನೀವು ಮಾಡುವುದರಲ್ಲಿ ಹೊಸದೇನು?

ಆಕಾಶವಾಣಿಯ ಋಣ ನಮ್ಮ ಮೇಲೆ ದೊಡ್ಡದು. 1935ರಲ್ಲಿ ಎಂ.ವಿ. ಗೋಪಾಲಸ್ವಾಮಿಯವರು ಮೈಸೂರಿನ ತಮ್ಮ ಮನೆಯಿಂದ ಶುರು ಮಾಡಿದ ರೇಡಿಯೋ ನಿಲಯದಿಂದಲೇ ಆಕಾಶವಾಣಿ ಅನ್ನುವ ಹೆಸರು ದೇಶಕ್ಕೆಲ್ಲ ಹೋಗಿದ್ದು. ನಮ್ಮ ಹಿರಿಯ ಜನಪದ ಕಲಾವಿದರಲ್ಲಿ ಎಷ್ಟೋ ಜನರ ದನಿ ಉಳಿದಿರುವುದು ಆಕಾಶವಾಣಿಯ ಟೇಪುಗಳಲ್ಲಿ.

ಆದರೆ ಅಲ್ಲಿ ಹಾಡಲು ಧ್ವನಿ ಪರೀಕ್ಷೆ ಇದೆ, ಗ್ರೇಡ್ ಇದೆ, ನಿಮಿಷದ ಲೆಕ್ಕ ಇದೆ. ಅಷ್ಟು ದೊಡ್ಡ ವ್ಯವಸ್ಥೆಗೆ ಅದು ಬೇಕು. ಗದ್ದೆ ನಾಟಿಗೆ ಹೋಗಿ ಬರುವ ಹೆಂಗಸು ಆಡಿಷನ್‌ಗೆ ಅರ್ಜಿ ಹಾಕುವುದಿಲ್ಲ. ಅವರು ನಮ್ಮ ಹತ್ತಿರ ನಡೆದುಕೊಂಡೇ ಬರಬಹುದು.

1995ರಲ್ಲಿ ಸುಪ್ರೀಂ ಕೋರ್ಟು, ಗಾಳಿಯಲ್ಲಿ ಹೋಗುವ ತರಂಗಗಳು ಸಾರ್ವಜನಿಕ ಸ್ವತ್ತು ಅಂತ ಹೇಳಿತು. ಹಾಗಿದ್ದರೂ ಹಳ್ಳಿಯ ಸಂಘಗಳಿಗೆ ಪ್ರಸಾರದ ಅನುಮತಿ ಸಿಗಲು 2006ರ ನೀತಿ ಬರಬೇಕಾಯಿತು. ಅಷ್ಟರವರೆಗೆ ಕೋಲಾರ ಜಿಲ್ಲೆಯ ಬೂದಿಕೋಟೆಯ 'ನಮ್ಮ ಧ್ವನಿ'ಯವರು ಸುಮ್ನೆ ಕೂರಲಿಲ್ಲ. 2001ರ ಹೊತ್ತಿಗೇ ಸ್ಟುಡಿಯೋ ಮಾಡಿಕೊಂಡರು. ಗಾಳಿಯಲ್ಲಿ ಬಿಡುವ ಹಾಗಿಲ್ಲ ಅಂದಾಗ ಲೌಡ್‌ಸ್ಪೀಕರ್‌ನಲ್ಲಿ, ಆಮೇಲೆ ಕೇಬಲ್ ತಂತಿಯಲ್ಲಿ ಊರಿಗೆ ಕೇಳಿಸಿದರು. ಇವತ್ತು ದೇಶದಲ್ಲಿ ಸಮುದಾಯ ರೇಡಿಯೋಗಳ ಸಂಖ್ಯೆ 500 ದಾಟಿದೆ. ಬೂದಿಕೋಟೆಯ ಆ ತಂತಿಯನ್ನು ನಾನು ಆಗಾಗ ನೆನೆಯುತ್ತೇನೆ.

ಯಾರು ಬಂದು ಹಾಡಬಹುದು?

ಹಾಡುವವರು ಯಾರಾದರೂ. ಸರ್ಟಿಫಿಕೇಟ್ ಬೇಡ, ಫೋಟೋ ಬೇಡ. ಒಂದು ದಿನ ಮೊದಲೇ ಮಾತಾಡೋಣ, ಅಷ್ಟೇ.

ಎಷ್ಟು ಹೊತ್ತಿಗೆ ಬರಬೇಕು?

ಪ್ರಸಾರಕ್ಕೆ ಒಂದು ಗಂಟೆ ಮೊದಲು. ಬಿಸಿಲಿನಲ್ಲಿ ಬಂದ ತಂಬೂರಿ ತಣ್ಣನೆ ಕೋಣೆಗೆ ಬಂದರೆ ತಂತಿಯ ಶ್ರುತಿ ಕದಲುತ್ತದೆ. ವಾದ್ಯವೂ ಆ ಕೋಣೆಯಲ್ಲಿ ಸ್ವಲ್ಪ ಹೊತ್ತು ಕೂರಬೇಕು. ಹಾಡುವವರೂ ಅಷ್ಟೇ. ಟೀ ಕುಡಿದು, ಗೋಡೆ ನೋಡಿ, ನಮ್ಮ ಮುಖ ನೋಡಿ ಪರಿಚಯವಾಗಬೇಕು.

ತಮಟೆ, ಡೊಳ್ಳು ಆ ಸಣ್ಣ ಕೋಣೆಯಲ್ಲಿ ಹೇಗೆ? ಕಂಸಾಳೆ ಹಾಡುವಾಗ ದನಿ ಯಾಕೆ ಒಳಗೆ ಹೋಗಿ ಹೊರಗೆ ಬಂದ ಹಾಗೆ ಕೇಳುತ್ತದೆ?

ಎರಡನೆಯ ಪ್ರಶ್ನೆಯನ್ನು ಒಬ್ಬ ಕೇಳುಗರು ಕೇಳಿದಾಗ ನಾವು ನಿಜಕ್ಕೂ ತಲೆ ಕೆಡಿಸಿಕೊಂಡೆವು. ಸ್ಟುಡಿಯೋ ಒಳಗೆ ಹೆಡ್‌ಫೋನ್‌ನಲ್ಲಿ ಚೆನ್ನಾಗಿಯೇ ಕೇಳುತ್ತಿತ್ತು. ಹೊರಗೆ ರೇಡಿಯೋದಲ್ಲಿ ಮಾತ್ರ ಕೆಡುತ್ತಿತ್ತು.

ಕಾರಣ ಎಫ್‌ಎಂ ಕೆಲಸ ಮಾಡುವ ರೀತಿಯಲ್ಲೇ ಇದೆ. ಗೊರ ಗೊರ ಸದ್ದು ಕಡಿಮೆಯಾಗಲಿ ಅಂತ, ಚೂಪು ದನಿಗಳನ್ನು ಪ್ರಸಾರಕ್ಕೆ ಮೊದಲು ಬೇಕೆಂದೇ ಎತ್ತರಿಸಿ ಕಳಿಸುತ್ತಾರೆ. ನಿಮ್ಮ ರೇಡಿಯೋ ಅದನ್ನು ಮತ್ತೆ ಇಳಿಸಿ ಕೇಳಿಸುತ್ತದೆ. ಮಾತಿಗೆ ಇದರಿಂದ ತೊಂದರೆ ಇಲ್ಲ. ಕಂಸಾಳೆ ಹಾಗಲ್ಲ. ಒಂದು ಕೈಯಲ್ಲಿ ಬಟ್ಟಲಿನಂಥ ತಾಳ, ಇನ್ನೊಂದು ಕೈಯಲ್ಲಿ ಹುರಿ ಕಟ್ಟಿದ ಚಪ್ಪಟೆ ತಾಳ, ಎರಡೂ ಕಂಚು. ಅದರ ನಾದವೇ ಚೂಪು. ಅದನ್ನು ಇನ್ನೂ ಎತ್ತರಿಸಿದಾಗ ಟ್ರಾನ್ಸ್‌ಮಿಟರ್‌ನ ಮಿತಿ ದಾಟುತ್ತದೆ. ಆಗ ಮಧ್ಯದಲ್ಲಿರುವ ಲಿಮಿಟರ್ ಅನ್ನುವ ಯಂತ್ರ ಇಡೀ ಸದ್ದನ್ನು ಅದುಮುತ್ತದೆ. ತಾಳದ ಜೊತೆ ಹಾಡುವವರ ದನಿಯೂ ಅದುಮಿಹೋಗುತ್ತದೆ. ಪ್ರತಿ ಬಡಿತಕ್ಕೂ ಹೀಗೇ ಆದಾಗ ದನಿ ಉಸಿರಾಡಿದಂತೆ ಕೇಳುತ್ತದೆ.

ಮೊದಲು ನಾವು ಮಾಡಿದ ತಪ್ಪು ಏನು ಗೊತ್ತಾ? ಕಲಾವಿದರಿಗೆ "ಸ್ವಲ್ಪ ಮೆಲ್ಲಗೆ ಹೊಡೀರಿ" ಅಂದೆವು. ಅವರು ಮೆಲ್ಲಗೆ ಹೊಡೆದರು. ಹಾಡೇ ಮಂಕಾಯಿತು. ಕಂಸಾಳೆಯವರು ಮೈಯೆಲ್ಲ ಬಳಸಿ ಹೊಡೆಯುವವರು. ಕೈ ತಡೆದರೆ ಕಾಲು ತಡೆಯುತ್ತದೆ, ಕಾಲು ತಡೆದರೆ ಪದ ನಿಲ್ಲುತ್ತದೆ. ಆವತ್ತಿನಿಂದ ಒಂದು ನಿಯಮ ಮಾಡಿಕೊಂಡೆವು. ಹಾಡುವವರಿಗೆ ಬದಲಾಗಿ ಅಂತ ಹೇಳಬಾರದು. ಮೈಕು ಬದಲಾಗಲಿ, ಕೋಣೆ ಬದಲಾಗಲಿ.

ಈಗ ಕಂಸಾಳೆಯವರು ಕೋಣೆಯ ಹಿಂದಿನ ಮೂಲೆಯಲ್ಲಿ ನಿಲ್ಲುತ್ತಾರೆ. ಗೋಡೆಗೆ ಹಳೇ ಕಂಬಳಿ, ಕೌದಿ ತೂಗು ಹಾಕಿದ್ದೇವೆ. ಮುಮ್ಮೇಳದವರ, ಅಂದರೆ ಮುಂದಾಗಿ ಹಾಡುವವರ ಬಾಯಿಗೆ ಹತ್ತಿರ ಒಂದು ಡೈನಾಮಿಕ್ ಮೈಕು. ಅದು ಹತ್ತಿರದ ದನಿಯನ್ನು ಚೆನ್ನಾಗಿ ಹಿಡಿಯುತ್ತದೆ, ದೂರದ್ದನ್ನು ಅಷ್ಟಾಗಿ ಹಿಡಿಯುವುದಿಲ್ಲ. ತಾಳಕ್ಕೆ ಬೇರೆ ಮೈಕೇ ಇಲ್ಲ. ಇರುವ ಮೈಕುಗಳಲ್ಲೇ ಅದು ಬೇಕಾದಷ್ಟು ಬರುತ್ತದೆ. ಮಿಕ್ಸರ್‌ನಲ್ಲಿ ಚೂಪು ಭಾಗವನ್ನು ಒಂದಿಷ್ಟು ಇಳಿಸುತ್ತೇವೆ. ಈಗ ಕೇಳಿ ನೋಡಿ.

ಹಿಮ್ಮೇಳಕ್ಕೂ ಒಂದು ಮೈಕು ಇಡಲೇಬೇಕು. ಕಥೆ ಹೇಳುವಾಗ ಹಿಂದಿನವರು "ಹ್ಞೂಂ" ಅನ್ನುತ್ತಾರಲ್ಲ, ಅದು ಸುಮ್ನೆ ಅನ್ನುವುದಲ್ಲ. ಆ ಹ್ಞೂಂ ಇಲ್ಲದೆ ಕಥೆ ಮುಂದಕ್ಕೆ ಹೋಗುವುದಿಲ್ಲ. ಹೊಸಬರು ಅದನ್ನು ಗದ್ದಲ ಅಂದುಕೊಂಡು ಇಳಿಸಿಬಿಡುತ್ತಾರೆ.

ಇನ್ನು ಡೊಳ್ಳು. ಹತ್ತು ಡೊಳ್ಳಿನ ಮೇಳ ಸ್ಟುಡಿಯೋ ಒಳಗೆ ಆಗುವುದಿಲ್ಲ. ಅಂಗಳದಲ್ಲಿ ಹೊಡೆಯುತ್ತಾರೆ, ಉದ್ದ ವೈರು ಎಳೆದು ಕಿಟಕಿಯಿಂದ ಮೈಕು ಹೊರಗೆ ಹಾಕುತ್ತೇವೆ. ತಮಟೆ ಒಂದೆರಡಾದರೆ ಒಳಗೇ ಆಗುತ್ತದೆ. ಆದರೆ ಮಳೆಗಾಲದಲ್ಲಿ ತಮಟೆಯ ಚರ್ಮ ಸಡಿಲವಾಗುತ್ತದೆ. ಕಾಯಿಸಿದರೇ ನಾದ ಬರುವುದು. ಬೆಂಕಿ ಹಾಕಿ ಕಾಯಿಸಲು ಅಂಗಳದಲ್ಲಿ ಒಂದು ಹಿಡಿ ಹುಲ್ಲು ಇಟ್ಟಿರುತ್ತೇವೆ. ಎರಡು ಹಾಡಿನ ನಡುವೆ ನಾನು ಮಾತಾಡುತ್ತಿದ್ದರೆ, ಅಲ್ಲಿ ತಮಟೆ ಕಾಯುತ್ತಿದೆ ಅಂತ ಅರ್ಥ.

ಮಂಟೇಸ್ವಾಮಿ, ಮಾದೇಶ್ವರನ ಕಥೆ ಬೆಳಗಿನ ತನಕ ನಡೆಯುವಂಥದ್ದು. ಒಂದು ಗಂಟೆಗೆ ಹೇಗೆ ಹೊಂದಿಸುತ್ತೀರಿ?

ಹೊಂದಿಸುವುದಿಲ್ಲ. ಆ ಕಥೆಗಳೇ ನಮಗೆ ದಾರಿ ತೋರಿಸಿವೆ. ಹಾಡುವವರು ಅವನ್ನು ಸಾಲುಗಳಾಗಿ ಕಟ್ಟಿಕೊಂಡಿದ್ದಾರೆ. ಸಂಕಮ್ಮನ ಸಾಲು, ಶ್ರವಣದೊರೆ ಸಾಲು, ಸಿದ್ಧಪ್ಪಾಜಿ ಸಾಲು ಹೀಗೆ. ಒಂದು ಸಾಲನ್ನು ಹಿಡಿದು ವಾರ ವಾರ ಮುಂದುವರಿಸುತ್ತೇವೆ. ಎಲ್ಲಿ ನಿಲ್ಲಿಸಬೇಕು ಅನ್ನುವುದನ್ನು ಹಾಡುವವರೇ ತೀರ್ಮಾನಿಸುತ್ತಾರೆ. ಗಂಟೆ ಮೀರಿ ಹತ್ತು ನಿಮಿಷ ಹೋದರೂ ಪರವಾಗಿಲ್ಲ. ಮುಂದಿನ ಕಾರ್ಯಕ್ರಮದವರಿಗೆ ಮೊದಲೇ ಹೇಳಿರುತ್ತೇವೆ.

ಸಂಕಮ್ಮ ಕಷ್ಟಪಡುವ ಭಾಗದಲ್ಲಿ ಒಂದು ವಾರ ನಿಂತಿತ್ತು. ಮಾರನೇ ದಿನ ಸಂತೆಯಲ್ಲಿ ಒಬ್ಬರು ನನ್ನನ್ನು ಹಿಡಿದು ನಿಲ್ಲಿಸಿದರು. "ಆಯಮ್ಮನ್ನ ಕಾಡಲ್ಲಿ ಬಿಟ್ಟು ಬಂದುಬಿಟ್ರಲ್ಲ" ಅಂದರು. ಕಥೆ ಅವರಿಗೆ ಹೊಸದಲ್ಲ, ಚಿಕ್ಕಂದಿನಿಂದ ಕೇಳಿದ್ದೇ. ಆದರೂ ರಾತ್ರಿ ನಿದ್ದೆ ಬಂದಿರಲಿಲ್ಲವಂತೆ.

ಬೀಸುವ ಪದ, ಸೋಬಾನೆ ಪದ ಸ್ಟುಡಿಯೋದಲ್ಲಿ ಸಪ್ಪೆ ಅನ್ನಿಸುತ್ತದೆ. ಯಾಕೆ?

ಸರಿಯಾಗಿ ಗಮನಿಸಿದ್ದೀರಿ. ಕೆಲಸದ ಹಾಡಿಗೆ ಕೆಲಸ ಬೇಕು.

ಒಮ್ಮೆ ಒಬ್ಬ ಅಜ್ಜಿ ಬಂದಿದ್ದರು. ಮನೆಯಲ್ಲಿ ಗಂಟೆಗಟ್ಟಲೆ ಹಾಡಿದವರು ಮೈಕಿನ ಮುಂದೆ ಕುರ್ಚಿಯಲ್ಲಿ ಕೂತು ಎರಡು ಸಾಲಿಗೇ ನಿಲ್ಲಿಸಿಬಿಟ್ಟರು. ಮರೆತುಹೋಯಿತು ಅಂದರು. ಮುಂದಿನ ವಾರ ನಾವು ಒಂದು ರಾಗಿ ಕಲ್ಲು ತಂದೆವು. ಎರಡು ಆಳು ಹಿಡಿದು ಮೆಟ್ಟಿಲು ಹತ್ತಿಸಿದರು. ಕೆಳಗೆ ಗೋಣಿಚೀಲ ಹಾಸಿ ಇಟ್ಟೆವು. ಅಜ್ಜಿ ನೆಲದಲ್ಲಿ ಕೂತು, ಕಾಲು ಚಾಚಿ, ಗೂಟ ಹಿಡಿದು ಒಂದು ಸುತ್ತು ತಿರುಗಿಸಿದರು. ಹಾಡು ತಾನಾಗಿ ಬಂತು. ಒಂದಾದ ಮೇಲೆ ಒಂದು ತ್ರಿಪದಿ. ತವರಿನ ಮೇಲೆ, ಅಣ್ಣನ ಮೇಲೆ, ಕಲ್ಲಿನ ಮೇಲೆ. ಹಾಡು ಅವರ ತಲೆಯಲ್ಲಷ್ಟೇ ಇರಲಿಲ್ಲ, ತೋಳಿನಲ್ಲೂ ಇತ್ತು. ಆ ಕಲ್ಲು ಈಗಲೂ ಸ್ಟುಡಿಯೋದಲ್ಲೇ ಇದೆ. ಸರ ಸರ ಅನ್ನುವ ಅದರ ಸದ್ದನ್ನು ನಾವು ತೆಗೆಯುವುದಿಲ್ಲ. ತಾಳ ಹಾಕುತ್ತಿರುವುದು ಅದೇ.

ಸೋಬಾನೆಗೆ ಕಲ್ಲು ಬೇಡ, ಜನ ಬೇಕು. ಒಬ್ಬರು ಹೇಳಿಕೊಡಬೇಕು, ಉಳಿದವರು ಸೊಲ್ಲೆತ್ತಬೇಕು, ಅಂದರೆ ದನಿಗೂಡಿಸಿ ತಿರುಗಿ ಹಾಡಬೇಕು. ಒಬ್ಬರನ್ನೇ ಕರೆದು ಕೂರಿಸಿದರೆ ಅದು ಅರ್ಧ ಹಾಡು. ಅದಕ್ಕೆ ಕನಿಷ್ಠ ನಾಲ್ಕು ಜನ ಬನ್ನಿ ಅನ್ನುತ್ತೇವೆ. ಎದುರುಬದುರು ಕೂರಿಸುತ್ತೇವೆ, ನಡುವೆ ಮೈಕು. ಮುಖ ನೋಡಿಕೊಂಡು ಹಾಡಿದರೆ ಮೈಕು ಇರುವುದೇ ಮರೆತುಹೋಗುತ್ತದೆ.

ಎಲ್ಲ ಹಾಡನ್ನೂ ಹಾಡಬಹುದಾ?

ಇಲ್ಲ. ಇದನ್ನು ಕಲಾವಿದರೇ ನಮಗೆ ಕಲಿಸಿದ್ದು. ಸಾವಿನ ಮನೆಯ ಪದವನ್ನು ಸುಮ್ಮಸುಮ್ಮನೆ ಹಾಡುವುದಿಲ್ಲ. ಕೆಲವು ಪದ ಹಬ್ಬದ ಹೊತ್ತಿಗೆ ಮಾತ್ರ. ಅವರು ಬೇಡ ಅಂದರೆ ಬೇಡ. ರೇಡಿಯೋಗೆ ಅಂತ ಒತ್ತಾಯ ಮಾಡುವುದಿಲ್ಲ.

ದೀಕ್ಷೆ ಪಡೆದ ನೀಲಗಾರರು, ಮಾದೇಶ್ವರನ ಒಕ್ಕಲಾದ ದೇವರಗುಡ್ಡರು ವಾದ್ಯಕ್ಕೆ ಪೂಜೆ ಮಾಡದೆ ಹಾಡುವುದಿಲ್ಲ. ಧೂಪದ ಹೊಗೆ ಯಂತ್ರಗಳಿಗೆ ಒಳ್ಳೆಯದಲ್ಲ. ಹಾಗಾಗಿ ಬಾಗಿಲ ಹೊರಗೆ ಜಾಗ ಮಾಡಿದ್ದೇವೆ. ಅಲ್ಲಿ ಪೂಜೆ ಮುಗಿಸಿ ಒಳಗೆ ಬರುತ್ತಾರೆ.

ನಮ್ಮ ಕಡೆಯಿಂದಲೂ ಒಂದು ಮಿತಿ ಇದೆ. ಆಕಾಶವಾಣಿಯ ಪ್ರಸಾರ ಸಂಹಿತೆ ಸಮುದಾಯ ರೇಡಿಯೋಗೂ ಅನ್ವಯಿಸುತ್ತದೆ. ಯಾವುದೇ ಜಾತಿ, ಧರ್ಮವನ್ನು ಹೀಯಾಳಿಸುವ ಮಾತು ಹೋಗುವ ಹಾಗಿಲ್ಲ. ಅಂಥ ಸಾಲು ಇದ್ದರೆ ಹಿಂದಿನ ದಿನವೇ ಕೂತು ಮಾತಾಡುತ್ತೇವೆ. ಹಾಡುತ್ತಿರುವಾಗ ಮಧ್ಯೆ ಕತ್ತರಿಸುವುದು ಅವಮಾನ.

ಉತ್ತರ ಕರ್ನಾಟಕದ ಗೀಗೀ ಪದ ಯಾವಾಗ?

ಎರಡು ಮೇಳ ಒಟ್ಟಿಗೆ ಸಿಕ್ಕಾಗ. ಹರದೇಶಿಯವರು ಶಿವನನ್ನು, ಗಂಡನ್ನು ಎತ್ತಿ ಹಿಡಿದರೆ ನಾಗೇಶಿಯವರು ಶಕ್ತಿಯನ್ನು, ಹೆಣ್ಣನ್ನು ಎತ್ತಿ ಹಿಡಿಯುತ್ತಾರೆ. ಪದದಲ್ಲೇ ವಾದ. ಒಂದೇ ಕಡೆಯವರನ್ನು ಕರೆಸಿದರೆ ಜಗಳದ ಅರ್ಧ ಮಾತ್ರ ಕೇಳಿದಂತೆ.

ಹಾಡು ಯಾರದ್ದು? ರೆಕಾರ್ಡಿಂಗ್ ಯಾರದ್ದು?

ಇದು ನನಗೆ ಬಹಳ ಮುಖ್ಯವಾದ ಪ್ರಶ್ನೆ. ಜನಪದ ಹಾಡಿಗೆ ಕರ್ತೃ ಇಲ್ಲ, ಆದ್ದರಿಂದ ಯಾರು ಬೇಕಾದರೂ ತೆಗೆದುಕೊಳ್ಳಬಹುದು ಅಂತ ತುಂಬ ಜನ ಅಂದುಕೊಂಡಿದ್ದಾರೆ. ಪದ ಯಾರೊಬ್ಬರ ಸ್ವತ್ತೂ ಅಲ್ಲ, ನಿಜ. ಆದರೆ ಆ ಸಂಜೆ ಆ ಅಜ್ಜಿ ಹಾಡಿದ ಹಾಡು ಆ ಅಜ್ಜಿಯದ್ದೇ. 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಪ್ರದರ್ಶನ ಕೊಡುವವರ ಹಕ್ಕು ಅಂತ ಒಂದಿದೆ. ಹಾಡುಗಾರರು, ವಾದ್ಯದವರು, ದೊಂಬರಾಟದವರು, ಹಾವಾಡಿಗರು ಕೂಡ ಅದರಲ್ಲಿ ಸೇರುತ್ತಾರೆ. ಅವರ ಒಪ್ಪಿಗೆ ಇಲ್ಲದೆ ರೆಕಾರ್ಡ್ ಮಾಡುವಂತಿಲ್ಲ, ಪ್ರಸಾರ ಮಾಡುವಂತಿಲ್ಲ. ಆ ಹಕ್ಕು 50 ವರ್ಷ ಇರುತ್ತದೆ.

ಅದಕ್ಕೆ ನಾವು ಒಂದು ಹಾಳೆ ಇಟ್ಟಿದ್ದೇವೆ. ಕನ್ನಡದಲ್ಲಿ, ದೊಡ್ಡ ಅಕ್ಷರದಲ್ಲಿ. ಓದಲು ಬಾರದವರಿಗೆ ಓದಿ ಹೇಳಿ, ಅವರು ಒಪ್ಪಿದ್ದನ್ನು ದನಿಯಲ್ಲೇ ರೆಕಾರ್ಡ್ ಮಾಡಿಕೊಳ್ಳುತ್ತೇವೆ. ಒಂದು ಸಲ ಪ್ರಸಾರವಾ, ಮರುಪ್ರಸಾರವೂ ಆಗಬಹುದಾ, ಇಂಟರ್‌ನೆಟ್‌ಗೆ ಹಾಕಬಹುದಾ ಅಂತ ಮೂರನ್ನೂ ಬೇರೆ ಬೇರೆಯಾಗಿ ಕೇಳುತ್ತೇವೆ. ಮೊದಲನೆಯದಕ್ಕೆ ಹೂಂ ಅಂದವರು ಮೂರನೆಯದಕ್ಕೆ ಬೇಡ ಅಂದದ್ದೂ ಇದೆ. ರೆಕಾರ್ಡಿಂಗ್‌ನ ಒಂದು ಪ್ರತಿ ಅವತ್ತೇ ಅವರ ಮೊಮ್ಮಕ್ಕಳ ಮೊಬೈಲಿಗೆ ಹೋಗುತ್ತದೆ.

ಶಿಶುನಾಳ ಶರೀಫರ ಪದ ಹಾಡಿದರೆ ಹಕ್ಕಿನ ತೊಂದರೆ ಬರುತ್ತಾ?

ಪದಕ್ಕೆ ಬರುವುದಿಲ್ಲ. ಶರೀಫರು 1889ರಲ್ಲೇ ತೀರಿಕೊಂಡವರು. ಆದರೆ ನಮಗೆಲ್ಲ ಬಾಯಿಗೆ ಬಂದಿರುವ ಎಷ್ಟೋ ಮಟ್ಟುಗಳು ಸಿ. ಅಶ್ವಥ್ ಅವರು ಮಾಡಿದ್ದು. ಅವರು 2009ರಲ್ಲಿ ತೀರಿಕೊಂಡರು. ಆ ಮಟ್ಟಿಗೆ ಇನ್ನೂ ಹಕ್ಕು ಇದೆ. ಹಾಗಾಗಿ ತತ್ವಪದದವರಿಗೆ ನಿಮ್ಮೂರಿನ ಭಜನೆ ಮನೆಯಲ್ಲಿ ಹೇಗೆ ಹಾಡುತ್ತಿದ್ದಿರೋ ಹಾಗೇ ಹಾಡಿ ಅನ್ನುತ್ತೇವೆ. ಏಕತಾರಿ, ದಮ್ಮಡಿ ಜೊತೆ ಆ ಹಳೇ ಮಟ್ಟುಗಳು ಒಂದೊಂದಾಗಿ ಹೊರಗೆ ಬರುತ್ತಿವೆ.

ಕಲಾವಿದರಿಗೆ ದುಡ್ಡು ಕೊಡುತ್ತೀರಾ?

ಕೊಡುತ್ತೇವೆ. ಸಾಲದು ಅನ್ನುವುದೂ ಗೊತ್ತು. ಬಸ್ ಚಾರ್ಜು, ಊಟ, ಒಂದು ದಿನದ ಕೂಲಿಯಷ್ಟಾದರೂ ಸಂಭಾವನೆ. ಹಾಡಲು ಬಂದವರು ಅವತ್ತಿನ ಕೂಲಿ ಬಿಟ್ಟು ಬಂದಿರುತ್ತಾರೆ. ಪ್ರಚಾರ ಸಿಗುತ್ತದಲ್ಲ ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಪ್ರಚಾರದಿಂದ ಅಕ್ಕಿ ಬರುವುದಿಲ್ಲ.

ನಮಗೆ ದುಡ್ಡು ಎಲ್ಲಿಂದ ಅಂದರೆ ಊರಿನ ಅಂಗಡಿಗಳ ಜಾಹೀರಾತು ಮತ್ತು ಕೇಳುಗರ ಕೊಡುಗೆ. ಜಾಹೀರಾತಿಗೆ ಮೊದಲು ಗಂಟೆಗೆ 5 ನಿಮಿಷ ಇತ್ತು, ಆಮೇಲೆ 7 ಆಯಿತು, 2024ರ ನಿಯಮದಲ್ಲಿ 12 ನಿಮಿಷ. ಸಮಯ ಜಾಸ್ತಿ ಆಯಿತು, ಜಾಹೀರಾತು ಕೊಡುವ ಅಂಗಡಿ ಅಷ್ಟು ಜಾಸ್ತಿ ಆಗಲಿಲ್ಲ.

ಕಲಾವಿದರ ಮಾಸಾಶನಕ್ಕೆ ಅರ್ಜಿ ಹಾಕುವವರು ಹಾಡಿದ್ದಕ್ಕೆ ಪತ್ರ ಕೇಳುತ್ತಾರೆ. ದಿನಾಂಕ, ಹಾಡಿದ ಪ್ರಕಾರ ಬರೆದು ಸೀಲು ಹಾಕಿ ಕೊಡುತ್ತೇವೆ. ಮಂಜೂರು ಮಾಡುವುದು ಇಲಾಖೆ.

ನೇರ ಪ್ರಸಾರದಲ್ಲಿ ತಪ್ಪಾದರೆ?

ಆಗಲಿ. ನಿಲ್ಲಿಸಿ, ನೀರು ಕುಡಿದು, ಮತ್ತೆ ಶುರು ಮಾಡಿ. ಒಮ್ಮೆ ತಂಬೂರಿ ತಂತಿ ಕಿತ್ತು ಹೋಯಿತು. ಹೊಸ ತಂತಿ ಕಟ್ಟುವ ಹತ್ತು ನಿಮಿಷ ಅವರು ತಮ್ಮ ಗುರು ಹೇಗೆ ತಂತಿ ಕಟ್ಟಲು ಕಲಿಸಿದರು ಅಂತ ಹೇಳುತ್ತಾ ಕಟ್ಟಿದರು. ಆ ಭಾಗವನ್ನು ಮರುಪ್ರಸಾರ ಮಾಡಿ ಅಂತ ಕೇಳುಗರೇ ಫೋನ್ ಮಾಡಿದರು.

ನಮ್ಮೂರಿಗೆ ಕೇಳಿಸುವುದಿಲ್ಲ. ಏನು ಮಾಡಲಿ?

ನಮ್ಮ ಪ್ರಸಾರದ ಶಕ್ತಿ 100 ವ್ಯಾಟ್, ಕಂಬದ ಎತ್ತರ ಜಾಸ್ತಿ ಅಂದರೆ 30 ಮೀಟರ್. ಸಮುದಾಯ ರೇಡಿಯೋಗೆ ಇರುವ ಮಿತಿಯೇ ಅದು. ಸುಮಾರು ಹತ್ತು, ಹನ್ನೆರಡು ಕಿಲೋಮೀಟರ್ ಚೆನ್ನಾಗಿ ಕೇಳುತ್ತದೆ. ನಡುವೆ ಗುಡ್ಡ ಇದ್ದರೆ ಅದರ ಹಿಂದಿನ ಊರಿಗೆ ಕಷ್ಟ. ಮೊಬೈಲಿನಲ್ಲಿ ಎಫ್‌ಎಂ ಕೇಳುವವರು ಇಯರ್‌ಫೋನ್ ಚುಚ್ಚಿ. ಅದರ ವೈರೇ ಆಂಟೆನಾ. ಕಿಟಕಿ ಹತ್ತಿರ ಕೂತರೆ ಇನ್ನೂ ವಾಸಿ.

ಬೆಂಗಳೂರಿನಲ್ಲೋ ದುಬೈನಲ್ಲೋ ಇರುವ ನಮ್ಮೂರ ಮಕ್ಕಳು ರೆಕಾರ್ಡಿಂಗ್ ಕೇಳುತ್ತಾರೆ. ಕಲಾವಿದರು ಇಂಟರ್‌ನೆಟ್‌ಗೆ ಒಪ್ಪಿದ್ದರೆ ಮಾತ್ರ ಕಳಿಸುತ್ತೇವೆ.

ಹಾಡಿನ ಮಧ್ಯೆ ಫೋನ್ ತಗೋತೀರಾ?

ಮಧ್ಯೆ ಇಲ್ಲ. ಮುಗಿದ ಮೇಲೆ. ಕೇಳುಗರು ಹಾಡುವವರ ಜೊತೆಯೇ ಮಾತಾಡುತ್ತಾರೆ, ನಮ್ಮ ಜೊತೆ ಅಲ್ಲ. "ನಮ್ಮವ್ವ ಇದೇ ಪದಾನ ಬೇರೆ ತರ ಹೇಳ್ತಿದ್ದಳು" ಅಂತ ಒಬ್ಬರು ಫೋನಿನಲ್ಲೇ ಹಾಡಿ ತೋರಿಸಿದ್ದರು. ಮುಂದಿನ ತಿಂಗಳು ಅವರೇ ಸ್ಟುಡಿಯೋಗೆ ಬಂದರು.

ನಮ್ಮ ನಿಲಯದಲ್ಲೂ ಶುರು ಮಾಡಬೇಕು. ಏನೇನು ಬೇಕು?

ನಾಲ್ಕು ಮೈಕು ಹಿಡಿಯುವ ಸಣ್ಣ ಮಿಕ್ಸರ್, ಎರಡು ಮೂರು ಡೈನಾಮಿಕ್ ಮೈಕು, ನೆಲಕ್ಕೆ ಜಮಖಾನ, ಗೋಡೆಗೆ ಕಂಬಳಿ. ಕುರ್ಚಿ ತೆಗೆದುಬಿಡಿ. ಮೈಕ್ ಸ್ಟ್ಯಾಂಡು ಗಿಡ್ಡದ್ದು ತಗೊಳ್ಳಿ, ನೆಲದಲ್ಲಿ ಕೂತವರ ಬಾಯಿಗೆ ಸಿಗಬೇಕು. ಕರೆಂಟು ಹೋದರೆ ನಡೆಯುವಂತೆ ಬ್ಯಾಟರಿ. ಕೆಂಪು ದೀಪ ಹಾಡುವವರ ಕಣ್ಣಿಗೆ ನೇರ ಕಾಣದ ಹಾಗಿರಲಿ, ಹೊಸಬರು ಅದನ್ನು ನೋಡಿ ಹೆದರುತ್ತಾರೆ.

ನಮ್ಮಜ್ಜಿ ತುಂಬ ಹಾಡುತ್ತಾರೆ, ಆದರೆ ಸ್ಟುಡಿಯೋಗೆ ಬರಲ್ಲ ಅಂತಾರೆ.

ಹಾಗಿದ್ದರೆ ನಾವೇ ಬರುತ್ತೇವೆ. ಒಂದು ಸಣ್ಣ ರೆಕಾರ್ಡರ್, ಒಂದು ಮೈಕು, ಇಬ್ಬರು. ಮೊದಲ ದಿನ ರೆಕಾರ್ಡರ್ ಚೀಲದಿಂದ ತೆಗೆಯುವುದಿಲ್ಲ. ಅಜ್ಜಿ ಯಾವ ಹೊತ್ತಿಗೆ ಹಾಡುತ್ತಾರೆ, ಯಾವ ಕೆಲಸ ಮಾಡುತ್ತಾ ಹಾಡುತ್ತಾರೆ ಅಂತ ಮಾತ್ರ ನೋಡಿಕೊಂಡು ಬರುತ್ತೇವೆ. ನೀವು ಮೊದಲು ಅಜ್ಜಿಯನ್ನು ಕೇಳಿ. ಅವರು ಹೂಂ ಅಂದರೆ ನಿಲಯಕ್ಕೆ ಬಂದು ಊರಿನ ಹೆಸರು, ಮನೆ ಗುರುತು ಹೇಳಿ ಹೋಗಿ. ಸೊಲ್ಲೆತ್ತುವ ಅವರ ಜೊತೆಗಾರ್ತಿಯರು ಯಾರಾದರೂ ಇನ್ನೂ ಇದ್ದರೆ ಅವರಿಗೂ ಅವತ್ತು ಮನೆಗೆ ಬರಲು ಹೇಳಿ.